ಚಾತುರ್ಮಾಸಕ್ಕೆ ಕೂತ ಕಾರು

ವೆಲ್ಡಿಂಗ್ ಅಂಗಡಿ ಕಂಡರೆ ನನ್ನ ಕಾಲು ತಾನಾಗಿಯೇ ನಿಧಾನವಾಗುತ್ತದೆ. ಆ ನೀಲಿ ಬೆಳಕನ್ನು ಬರಿಗಣ್ಣಿನಿಂದ ನೋಡಬಾರದೆಂದು ಚಿಕ್ಕಂದಿನಲ್ಲಿ ಎಲ್ಲರಿಗೂ ಹೇಳಿರುತ್ತಾರೆ, ಎಲ್ಲರೂ ಅದನ್ನು ಕದ್ದು ನೋಡಿಯೇ ದೊಡ್ಡವರಾಗಿರುತ್ತಾರೆ. ನಾನು ದೊಡ್ಡವನಾದ ಮೇಲೂ ಆ ಚಟ ಬಿಟ್ಟಿಲ್ಲ. ಕರಿಕೋಟು ತೊಟ್ಟು ಚಿಕ್ಕೋಡಿಯ ಕೋರ್ಟಿಗೆ ಹೊರಟವನು, ಹಾದಿಯಲ್ಲಿ ಯಾರದೋ ಗೇಟಿಗೆ ಬೆಸುಗೆ ಹಾಕುವುದನ್ನು ಓರೆಗಣ್ಣಿನಲ್ಲಿ ನೋಡುತ್ತ ನಿಂತುಬಿಟ್ಟು, ಕಕ್ಷಿದಾರ ಓಡಿಬಂದು "ಸಾಹೇಬ್ರ, ನಮ್ಮ ಕೇಸ್ ಕರಿಯಾಕತ್ತಾರ್ರಿ" ಎಂದು ಎಳೆದುಕೊಂಡು ಹೋದದ್ದೂ ಉಂಟು.

ಇದಕ್ಕೆ ನನ್ನ ಕಸುಬೂ ಒಂದು ಕಾರಣವಿರಬೇಕು. ನಾನು ವಾಟ್ನಿ ವಕೀಲ. ನಮ್ಮ ಕಡೆ ಅಣ್ಣತಮ್ಮಂದಿರ ಪಾಲಿಗೆ ವಾಟ್ನಿ ಎನ್ನುತ್ತಾರೆ. ಹೊಲ, ಬಾವಿ ನೀರಿನ ಪಾಳಿ, ಹಿತ್ತಲಿನ ತೆಂಗು, ದನದ ಕೊಟ್ಟಿಗೆಗೆ ಹೊದಿಸಿದ ತಗಡಿನ ಪತ್ರಾಸು, ಯಾವುದನ್ನೇ ತನ್ನಿ, ಎರಡು ಮಾಡಿ ಕೊಡುತ್ತೇನೆ. ದಿನವಿಡೀ ಒಂದನ್ನು ಎರಡು ಮಾಡುವವನಿಗೆ, ಎರಡನ್ನು ಒಂದು ಮಾಡುವವನು ಹೇಗೆ ಮಾಡುತ್ತಾನೆ ಎಂಬ ಕುತೂಹಲ ಇದ್ದರೆ ತಪ್ಪೇನಿಲ್ಲ. ಅಕ್ಕಸಾಲಿಗ ಬಿಳಿಗಾರ ಹಾಕಿ ಬಂಗಾರ ಬೆಸೆಯುವುದನ್ನೂ, ಕಮ್ಮಾರ ಚಕ್ಕಡಿಯ ಹಳಿಯನ್ನು ಕೆಂಪಗೆ ಕಾಯಿಸಿ ತುದಿಗೆ ತುದಿ ಕೂಡಿಸಿ ಬಡಿಯುವುದನ್ನೂ ನೋಡಿದ್ದೇನೆ. ಎಲ್ಲರದೂ ಒಂದೇ ಉಪಾಯ: ಕೂಡಬೇಕಾದ ಎರಡೂ ತುಸು ಕರಗಬೇಕು. ಕೋರ್ಟಿನಲ್ಲಿ ಹೊಂದಾಣಿಕೆಗೆಂದು ಕೂತ ಅಣ್ಣತಮ್ಮಂದಿರಲ್ಲಿ ನಾನು ಕಾಣದಿದ್ದುದು ಅದೊಂದನ್ನೇ.

ಈ ಕುತೂಹಲ ಒಂದು ವೆಲ್ಡಿಂಗ್ ಮಷಿನ್ ಕೊಳ್ಳುವ ಮಟ್ಟಕ್ಕೆ ಹೋದದ್ದು ನಮ್ಮ ಕಾರಿನ ದೆಸೆಯಿಂದ. ಆಗಿನ್ನೂ ತೊಂಬತ್ತರ ದಶಕ ಶುರುವಾಗಿತ್ತಷ್ಟೆ. ಅಪ್ಪ ತೀರಿಕೊಂಡ ಮೇಲೆ ನಮ್ಮೂರು ಅಕ್ಕೋಳದಲ್ಲಿ ನಾನೂ ಅಣ್ಣ ಭೂಪಾಲನೂ ಪಾಲಾಗಿದ್ದೆವು. ಜಗಳವಿಲ್ಲದೆ ಆದ ಪಾಲು. ಕಬ್ಬಿನ ಹೊಲ, ಊರ ಮನೆ ಅಣ್ಣನಿಗೆ. ಚಿಕ್ಕೋಡಿಯ ಮನೆ, ಮೇಲಿನ ಹೊಲ ನನಗೆ. ಅವ್ವ ಊರಲ್ಲೇ ಅಣ್ಣನ ಜೊತೆ ಉಳಿದಳು. ಅಪ್ಪ ತಂದಿದ್ದ ಬೂದು ಬಣ್ಣದ ಕಾರಿನ ಮಾತು ಬಂದಾಗ ಮಾತ್ರ ಅವಳು ಅಡ್ಡ ಬಂದಳು. "ಎರಡೂ ಮನಿಯವರು ಕೂಡಿ ಕುಂದ್ರೂ ಜಾಗಾ ಇನ್ನ ಇದೊಂದ ಉಳದೈತಿ. ಇದನ್ನ ಪಾಲ ಮಾಡಬ್ಯಾಡ್ರಿ" ಎಂದಳು. ಹೀಗೆ ಕಾರು ನಮ್ಮಿಬ್ಬರದಾಗಿಯೇ ಉಳಿದು ಅಣ್ಣನ ಶೆಡ್ಡಿನಲ್ಲಿ ನಿಂತಿತು. ರಜೆಗೆ ನಾನು ಹೆಂಡತಿ ಮಕ್ಕಳೊಡನೆ ಹೋದಾಗ ಎರಡೂ ಮನೆಯವರು ಅದರಲ್ಲಿ ಒತ್ತೊತ್ತಾಗಿ ತುಂಬಿಕೊಂಡು ತವನಿಧಿಗೆ ಹೋಗಿ, ಬಸದಿಯಲ್ಲಿ ಕೈಮುಗಿದು ಬರುತ್ತಿದ್ದೆವು.

ನಮ್ಮದು ಜೈನರ ಮನೆ. ಮಳೆಗಾಲದ ನಾಲ್ಕು ತಿಂಗಳು, ಅಂದರೆ ಚಾತುರ್ಮಾಸದಲ್ಲಿ, ನೆಲದ ತುಂಬ ಹುಳಹುಪ್ಪಡಿ ಇರುತ್ತವೆಂದು ಮುನಿಗಳು ಒಂದೇ ಊರಿನಲ್ಲಿ ನಿಲ್ಲುತ್ತಾರೆ. ಅವ್ವ ಮುನಿಯಲ್ಲ, ಆದರೂ ಅಷ್ಟು ದಿನ ಊರ ಸೀಮೆ ದಾಟುವುದಿಲ್ಲವೆಂಬ ವ್ರತ ಹಿಡಿಯುತ್ತಿದ್ದಳು. ಅವಳು ಹೊರಡದ ಮೇಲೆ ಕಾರು ಯಾಕೆ ಹೊರಟೀತು? ಅದೂ ಅವಳ ಜೊತೆ ಚಾತುರ್ಮಾಸಕ್ಕೆ ಕೂತುಬಿಡುತ್ತಿತ್ತು. ಕೂತದ್ದು ಎಲ್ಲಿ? ಕಬ್ಬಿಗೆ ತಂದ ಸರಕಾರಿ ಗೊಬ್ಬರದ (ಯೂರಿಯಾಕ್ಕೆ ನಮ್ಮ ಕಡೆ ಹಾಗೆನ್ನುತ್ತಾರೆ) ಚೀಲಗಳ ಪಕ್ಕದಲ್ಲಿ. ಶೆಡ್ಡಿನ ಪತ್ರಾಸು ಸೋರಿ, ಕಿಟಕಿಯ ಸಂದಿಯಿಂದ ನೀರು ಇಳಿದು, ಕಾರಿನೊಳಗೆ ಹಾಸಿದ ಗೋಣಿತಟ್ಟು ನೆನೆಯುತ್ತಿತ್ತು. ಒಂದು ವರ್ಷ ಅದನ್ನು ಒಣಗಿಸೋಣವೆಂದು ಅಣ್ಣ ತುದಿ ಎತ್ತಿದರೆ ಕೆಳಗೆ ಇರುವೆಗಳು ಮೊಟ್ಟೆ ಇಟ್ಟುಕೊಂಡು ಸಂಸಾರ ಹೂಡಿದ್ದವು.

"ಮುಚ್ಚ, ಮುಚ್ಚ" ಎಂದಳು ಅವ್ವ. "ಮಳಿಗಾಲದಾಗ ಅವನ್ನ ಎಬ್ಬಸಬ್ಯಾಡ. ನಾನೂ ಎಲ್ಲೂ ಹೊಂಟಿಲ್ಲ, ಅವೂ ಇರಲಿ."

ಅಣ್ಣ ಮುಚ್ಚಿದ. ಮರುವರ್ಷವೂ ಮುಚ್ಚಿಯೇ ಇಟ್ಟ. ಆಚೆ ವರ್ಷ ಎತ್ತಿ ನೋಡುವ ಗೋಜಿಗೇ ಹೋಗಲಿಲ್ಲ. ತಗಡಿಗೆ ತುಕ್ಕು ಹಿಡಿಸಲು ಇದಕ್ಕಿಂತ ಒಳ್ಳೆಯ ಏರ್ಪಾಟನ್ನು ಯಾವ ಇಂಜಿನಿಯರೂ ಮಾಡಲಾರ: ಕೆಳಗೆ ಗೊಬ್ಬರದ ಹವೆ, ಮೇಲೆ ಒದ್ದೆ ತಟ್ಟು, ನಡುವೆ ಅಹಿಂಸೆ.

ಆ ಸಲ ದೀಪಾವಳಿ ಮುಗಿದು ಇರುವೆಗಳು ತಾವಾಗಿ ಮನೆ ಬದಲಿಸಿದ ಮೇಲೆ ಅಣ್ಣ, ರಜೆಗೆ ಹೋಗಿದ್ದ ನನ್ನೆದುರಿಗೇ, ತಟ್ಟು ಎಳೆದ. ತಟ್ಟಿನ ಜೊತೆ ಕಾರಿನ ತಳವೂ ಹಪ್ಪಳದಂತೆ ಎದ್ದು ಬಂತು. ಹಿಂದಿನ ಸೀಟಿನಲ್ಲಿ ಕೂತು ಬಗ್ಗಿದರೆ ಶೆಡ್ಡಿನ ನೆಲ ಕಾಣುತ್ತಿತ್ತು.

"ನಿಪ್ಪಾಣಿ ಗುಜರಿಯವ್ನ ಕರಸ್ತೀನಿ" ಎಂದ ಅಣ್ಣ. ಅವ್ವ ಹೋಗಿ ಕಾರಿನ ಬಾಗಿಲನ್ನು ಸೆರಗಿನಿಂದ ಒರೆಸಿದಳು. ಆಮೇಲೆ, "ಬರೂ ಅಮಾಸಿಗೆ ಎಲ್ಲಾರೂ ಕೂಡಿ ಇದರಾಗ ತವನಿಧಿಗೆ ಹೋಗಿ ಬರೂಣು ಅಂತ ಮಾಡಿದ್ನೆಪಾ" ಎಂದಳು. ಅಣ್ಣ ನನ್ನ ಮುಖ ನೋಡಿದ, ನಾನು ಅವನ ಮುಖ ನೋಡಿದೆ. ಕೊನೆಗೆ ಅಣ್ಣನೇ, "ಅಮಾಸಿ ಮಟಾ ಬಿಡ್ತೀನಿ. ಅಷ್ಟ್ರಾಗ ರಿಪೇರಿ ಆದರ ಆತು, ಇಲ್ಲಾಂದ್ರ ಗುಜರಿ" ಎಂದ.

ರಿಪೇರಿ ಮಾಡುವವರಿಗೇನು ಬರ ಎಂದುಕೊಂಡಿದ್ದೆ. ಆದರೆ ಅದು ಕಬ್ಬಿನ ಹಂಗಾಮು. ಸುತ್ತಲಿನ ಫ್ಯಾಕ್ಟರಿಗಳು ಹೊಗೆ ಬಿಡತೊಡಗಿದ್ದವು. ಚಿಕ್ಕೋಡಿಯಿಂದ ರಾಯಬಾಗದವರೆಗೆ ಯಾವ ವರ್ಕ್‌ಶಾಪಿಗೆ ಹೋದರೂ ಮುರಿದ ಟ್ರಾಲಿಗಳು ಪಾಳಿ ಹಚ್ಚಿ ನಿಂತಿದ್ದವು. "ಸಂಕ್ರಾಂತಿ ಆದ ಮ್ಯಾಲ ತರ್ರಿ" ಎಂಬುದೇ ಎಲ್ಲೆಡೆ ಉತ್ತರ. ಆಗ ನನ್ನ ತಲೆಯಲ್ಲಿ ಮಿಂಚಿತು: ನಾವೇ ಒಂದು ಮಷಿನ್ ಕೊಂಡು ಮನೆಯಲ್ಲೇ ಮಾಡಿದರೆ? ಇಷ್ಟು ವರ್ಷ ಓರೆಗಣ್ಣಿನಲ್ಲಿ ಕಲಿತದ್ದು ಮತ್ತೆ ಯಾವಾಗ ಉಪಯೋಗಕ್ಕೆ ಬರಬೇಕು?

"ಕೊಂಡ್ರ ಟ್ರಾಲಿಗೂ ಆಗೂವಂತಾದ್ದು ಕೊಳ್ಳೂಣು" ಎಂದು ಅಣ್ಣ ಕೂಡಲೇ ಒಪ್ಪಿದ. ಅವನ ಮನಸ್ಸಿನಲ್ಲಿದ್ದದ್ದು ಎಣ್ಣೆ ತುಂಬಿದ ದೊಡ್ಡ ಮಷಿನ್. ಹಳೆಯ ತಿಜೋರಿಯಷ್ಟು ಭಾರ, ನೇಗಿಲನ್ನೂ ನುಂಗಿ ನೀರು ಕುಡಿಯುವ ಶಕ್ತಿ. ಪಕ್ಕದ ಹೊಲದವರ ಬಳಿ ಅಂಥದೊಂದಿತ್ತು. ಕೊಳ್ಳುವ ಮೊದಲು ನೋಡಿಬಿಡೋಣವೆಂದು ಚಕ್ಕಡಿಯಲ್ಲಿ ಹೇರಿಕೊಂಡು ತಂದ. ಅದಕ್ಕೆ ಪಂಪಿನ ಕರೆಂಟೇ ಬೇಕು. ಆಗ ಹಳ್ಳಿಗಳಲ್ಲಿ ಕರೆಂಟಿಗೂ ಪಾಳಿ. ಹಗಲು ಮನೆಯ ದೀಪ ಉರಿಯುವಷ್ಟು ಬರುತ್ತಿತ್ತು, ಪಂಪು ನಡೆಸುವ ತ್ರೀಫೇಸ್ ಹೊತ್ತು ಮುಳುಗಿದ ಮೇಲೆ. ಹಾಗಾಗಿ ದೀಪ ಹಚ್ಚುವ ಹೊತ್ತಿಗೆ ಅಣ್ಣ ರಾಡ್ ಹಿಡಿದು ಕಾರಿನ ತಳಕ್ಕೆ ಮುಟ್ಟಿಸಿದ. ಚರ್ ಎಂದು ಬೆಳಕು ಸಿಡಿದದ್ದೇ ತಡ, ಬಿಲ್ಲೆಯಷ್ಟಿದ್ದ ತೂತು ಊಟದ ತಾಟಿನಷ್ಟಾಯಿತು. ಟ್ರಾಲಿಯ ದಪ್ಪ ಕಬ್ಬಿಣಕ್ಕೆಂದು ಇರುವ ಬೆಂಕಿಗೆ ಕಾರಿನ ತೆಳು ತಗಡು ಯಾವ ಲೆಕ್ಕ? ಅಣ್ಣ ಇನ್ನೊಂದು ಕಡೆ ಮುಟ್ಟಿಸಿದ. ಅಲ್ಲೂ ಒಂದು ಕಿಟಕಿಯಾಯಿತು.

ಅಷ್ಟರಲ್ಲಿ ಅವ್ವ ಬಂದಳು. ಅವಳ ಊಟ ಸೂರ್ಯ ಮುಳುಗುವ ಮೊದಲೇ ಮುಗಿದಿರುತ್ತದೆ. ಅವಳು ತೂತು ನೋಡಲಿಲ್ಲ, ನೆಲ ನೋಡಿದಳು. ಬೆಳಕಿಗೆ ಮುತ್ತಿದ ಹುಳಗಳು ಸುಟ್ಟು ಬಿದ್ದಿದ್ದವು, ರೆಕ್ಕೆಗಳು ಅಂಗಳದ ತುಂಬ.

"ನನ್ನ ಸಲುವಾಗಿ ಇಷ್ಟ ಜೀವಾ ಹೋಗೂದಾದ್ರ ನನಗ ತವನಿಧೀನೂ ಬ್ಯಾಡ, ಕಾರೂ ಬ್ಯಾಡ" ಎಂದು ಒಳಗೆ ಹೋದಳು. ನನಗೆ ನಿಜವಾಗಿಯೂ ಸಂಕಟವಾಯಿತು. ಕಾರು ಉಳಿಸಬೇಕೆಂದವಳೂ ಅವಳೇ, ಬೇಡವೆಂದವಳೂ ಅವಳೇ, ಮತ್ತು ಎರಡೂ ಸಲ ಅವಳು ಹೇಳಿದ್ದು ಸರಿಯಾಗಿಯೇ ಇತ್ತು. ಇಂಥ ಕೇಸು ಕೋರ್ಟಿನಲ್ಲಿ ನನಗೆ ಸಿಕ್ಕಿರಲಿಲ್ಲ.

ಅಲ್ಲಿಂದ ನನ್ನ ನಿಜವಾದ ಹುಡುಕಾಟ ಶುರುವಾಯಿತು. ಈಗ ಬೇಕಾದದ್ದು ಹುಳ ಮುತ್ತದ ಹಗಲು ಹೊತ್ತಿನ ಬಡ ಕರೆಂಟಿನಲ್ಲಿ ನಡೆಯುವ, ತೆಳು ತಗಡನ್ನು ತಿನ್ನದ, ವಾಟ್ನಿ ವಕೀಲನ ಕೈಗೆಟುಕುವ ಮಷಿನ್. ಕಾರ್ಬೈಡ್ ಗ್ಯಾಸಿನದು ತಗಡಿಗೆ ಒಳ್ಳೆಯದೆಂದರು. ಆದರೆ ಕಬ್ಬಿನ ಒಣ ಎಲೆಯ ರವದಿ ಒಟ್ಟಿದ ಅಂಗಳದಲ್ಲಿ ಆ ಗ್ಯಾಸು ತಯಾರಿಸುವ ಧೈರ್ಯ ನನಗಿರಲಿಲ್ಲ. ಕೊಲ್ಲಾಪುರದ ಒಂದು ಗ್ಯಾರೇಜಿನಲ್ಲಿ ತಂತಿ ತಾನಾಗಿಯೇ ಹೊರಬಂದು ಕರಗುವ ಹೊಸ ನಮೂನೆಯ ಮಷಿನ್ ಕಂಡು ಬಾಯಿ ಬಿಟ್ಟು ನಿಂತೆ. ಅದರ ಬೆಲೆ ಕೇಳಿದ ಮೇಲೆ ಬಾಯಿ ಮುಚ್ಚಿಕೊಂಡೆ.

ಕೊನೆಗೆ ನಿಪ್ಪಾಣಿಯಲ್ಲಿ ಹೆದ್ದಾರಿಯ ಬದಿಯ ಅಂಗಡಿಯ ಶಂಕರರಾವ್ ಒಂದು ಚಿಕ್ಕ ಡಬ್ಬಿ ತೋರಿಸಿದರು. ಎಣ್ಣೆಯಿಲ್ಲ, ಗಾಳಿಯಿಂದಲೇ ತಣಿಯುವಂಥದು. ಇಬ್ಬರು ಹಿಡಿದರೆ ಎದ್ದುಬಿಡುತ್ತದೆ. ಮನೆಯ ಕರೆಂಟು ಸಾಕು, ಬೆಂಕಿಯನ್ನು ಹೆಚ್ಚು ಕಡಿಮೆ ಮಾಡಲು ಒಂದು ಹಿಡಿಕೆ.

"ಆದರ ಒಂದ ಮಾತ ಸಾಹೇಬ, ಹೇ ಲಹಾನ್ ಮಶೀನ್ ಆಹೇ, ಸಣ್ಣ ಮಷಿನ್. ತಾಸಗಟ್ಟಲೇ ನಡಸೀರಿ ಅಂದ್ರ ಸುಡತೈತಿ. ತುಸು ಹಾಕೂದು, ತುಸು ಬಿಡೂದು" ಎಂದರು ಅವರು. ಅವರ ಮಾತು ಮರಾಠಿಯಲ್ಲಿ ಹೊರಟು ಕನ್ನಡದಲ್ಲಿ ಊರು ಮುಟ್ಟುತ್ತಿತ್ತು. ಎಲ್ಲಕ್ಕಿಂತ ತೆಳುವಾದ ರಾಡನ್ನೇ ಕಟ್ಟಿಕೊಟ್ಟು, ಗೆರೆ ಎಳೆಯಬೇಡಿ, ಚುಕ್ಕೆ ಇಡಿ. ಒಂದು ಈ ಮೂಲೆಗೆ, ಇನ್ನೊಂದು ಆ ಮೂಲೆಗೆ, ಇಲ್ಲದಿದ್ದರೆ ತಗಡು ಕಾದು ಸೊಟ್ಟಗಾಗುತ್ತದೆ ಎಂದೂ ಹೇಳಿದರು. ಜೊತೆಗೆ ಮುಖಕ್ಕೆ ಹಿಡಿಯುವ ಕರಿಗಾಜು ತೋರಿಸುತ್ತ, "ಅಗ್ಗದ್ದೂ ಐತಿ. ಕಣ್ಣ ಉರದ್ರ ರಾತ್ರಿ ಬಟಾಟಿ ಹೆಚ್ಚಿ ಇಟಗೊಂಡ್ರ ಆತು" ಎಂದರು.

ಇದು ನನ್ನನ್ನು ಯೋಚನೆಗೆ ಹಚ್ಚಿತು. ನೆಲದೊಳಗೆ ಬೆಳೆಯುವ ಬಟಾಟಿ, ಅಂದರೆ ಆಲೂಗಡ್ಡೆ, ಜೈನರಿಗೆ ನಿಷಿದ್ಧ, ಅವ್ವನ ಹೊಸ್ತಿಲು ದಾಟುವಂತಿಲ್ಲ. ಬಟಾಟಿ ಇಲ್ಲದ ಮನೆಯವನು ಗಾಜನ್ನಾದರೂ ಒಳ್ಳೆಯದು ಕೊಳ್ಳಲೇಬೇಕು. ಮಷಿನ್ ಅಗ್ಗದ್ದನ್ನೂ ಗಾಜು ದುಬಾರಿಯದನ್ನೂ ಕೊಂಡೆ. ಅಗ್ಗದ ವಸ್ತುವನ್ನು ಆರಿಸುವುದೆಂದರೆ ಎಲ್ಲಿ ಅಗ್ಗ ಬೇಡ ಎಂದು ಗೊತ್ತು ಮಾಡಿಕೊಳ್ಳುವುದೇ ಎಂದು ಆ ದಿನ ಅನ್ನಿಸಿತು.

ಮಷಿನ್ ನೋಡಿ ಅಣ್ಣ ನಕ್ಕ. "ಇದೇನ್ಲೇ ವಕೀಲಾ, ಜ್ವಾಳದ ಡಬ್ಬಿ ತಂದಿ?" ಎಂದ. ನಕ್ಕರೂ ಪೆಟ್ರೋಲ್ ಟ್ಯಾಂಕು ಬಿಚ್ಚಿ ದೂರ ಇಟ್ಟವನು ಅವನೇ, ಬ್ಯಾಟರಿ ತೆಗೆದವನೂ ಅವನೇ, ಒದ್ದೆ ಚೀಲ, ನೀರಿನ ಕೊಡ ಹತ್ತಿರ ತಂದಿಟ್ಟವಳು ಅಣ್ಣನ ಹೆಂಡತಿ, ನಮ್ಮ ವೈನಿ. ಅವ್ವ ಮೆತ್ತನೆಯ ಹೊಸ ಕಸಬರಿಗೆಯಿಂದ ಕಾರಿನ ಕೆಳಗಿನ ನೆಲವನ್ನು ಮೆಲ್ಲಗೆ ಗುಡಿಸಿ, ಯಾವ ಜೀವವೂ ಇಲ್ಲವೆಂದು ನೋಡಿ, "ಹೂಂ" ಎಂದಳು. ನಾನು ಹಳೆಯ ಕರಿಕೋಟನ್ನೇ ತೊಟ್ಟು, ಮಧ್ಯಾಹ್ನದ ಬಿಸಿಲಿನಲ್ಲಿ ಕಾರಿನೊಳಗೆ ಬಗ್ಗಿದೆ.

ತುಕ್ಕು ತಿಂದದ್ದನ್ನೆಲ್ಲ ಕತ್ತರಿಸಿ, ಗಟ್ಟಿ ತಗಡು ಸಿಕ್ಕಲ್ಲಿ ನಿಲ್ಲಿಸಿ, ಅಲ್ಲಿಗೆ ಹೊಸ ತುಂಡು ಕೂಡಿಸಬೇಕು. ಕೌದಿಗೆ ತೇಪೆ ಹಚ್ಚಿದ ಹಾಗೆಯೇ. ನನ್ನ ಮೊದಲ ಚುಕ್ಕೆಗಳು ಹಿಡಿಯಲಿಲ್ಲ. ಮೆಲ್ಲಗೆ ಮುಟ್ಟಿಸಿದರೆ ರಾಡ್ ಅಂಟಿಕೊಳ್ಳುತ್ತಿತ್ತು, ಹೆಚ್ಚು ಹೊತ್ತು ಹಿಡಿದರೆ ತೂತು. ಅಷ್ಟರಲ್ಲಿ ಊರಿನ ಹಿಟ್ಟಿನ ಗಿರಣಿಯವನು ಬಂದು, "ನೀವು ಚರ್ ಅನ್ಸಿದಾಗೊಮ್ಮೆ ನಮ್ಮ ಮನಿ ಫ್ಯಾನ್ ನಿಂದರತೈತ್ರಿ" ಎಂದು ದೂರು ಕೊಟ್ಟು, ಆಮೇಲೆ ಅಲ್ಲೇ ಕೂತು ನೋಡತೊಡಗಿದ. ಮಷಿನ್ ಕಾದಾಗ ನಾವು ಕೆಲಸ ಬಿಡಬೇಕಾಗುತ್ತಿತ್ತು. ಆ ಬಿಡುವಿನಲ್ಲಿ ಅಣ್ಣ, ನಾನು ನೆರಳಲ್ಲಿ ಕೂತು ಚಹಾ ಕುಡಿಯುತ್ತಿದ್ದೆವು. ಪಾಲಾದ ಮೇಲೆ ನಾವಿಬ್ಬರೂ ಅಷ್ಟು ಮಾತಾಡಿದ್ದೇ ಇರಲಿಲ್ಲ. ದೊಡ್ಡ ಮಷಿನ್ ಕೊಂಡಿದ್ದರೆ ಕೆಲಸ ಬೇಗ ಮುಗಿಯುತ್ತಿತ್ತೇನೋ, ಆದರೆ ಆ ಚಹಾ ಇರುತ್ತಿರಲಿಲ್ಲ.

ಕೊನೆಯ ತೂತನ್ನು ಮುಚ್ಚಲು ಹೊರಟಾಗ ಅಣ್ಣ ತಡೆದ. "ಅದನ್ನ ಬಿಡ. ಮ್ಯಾಲಿಂದ ನೀರ ಬರೂದು ತಪ್ಪಂಗಿಲ್ಲ, ಹೋಗಾಕ ಹಾದಿ ಬೇಕು" ಎಂದ. ಎಲ್ಲವನ್ನೂ ಮುಚ್ಚಿಬಿಡುವ ಉಮೇದಿನಲ್ಲಿದ್ದ ನನಗೆ ಇದು ಹಿಡಿಸಲಿಲ್ಲ. ಆದರೂ ಬಿಟ್ಟೆ. ತಳಕ್ಕೆ ಡಾಂಬರು ಬಳಿದು, ಹೊಸ ತಟ್ಟು ಹಾಸಿ, ಆ ತೂತಿರುವಲ್ಲಿ ತಟ್ಟನ್ನೂ ಕತ್ತರಿಸಿದೆವು.

ಅಮಾವಾಸ್ಯೆಯ ಬೆಳಿಗ್ಗೆ ಅವ್ವ ಹಿಂದಿನ ಸೀಟಿನಲ್ಲಿ ಕೂತು ಎರಡೂ ಕಾಲುಗಳನ್ನು ಮೇಲೆತ್ತಿ ಹಿಡಿದುಕೊಂಡಳು. "ಊರಲೇನಪಾ?" ಎಂದು ಕೇಳಿದಳು.

"ಊರ, ಅವ್ವಾ."

ಒಂದು ಕಾಲು ಇಟ್ಟಳು, ಆಮೇಲೆ ಇನ್ನೊಂದು. ತಗಡು ಕಿರ್ ಎನ್ನಲೂ ಇಲ್ಲ. ಎಷ್ಟೋ ಕೇಸು ಗೆದ್ದಿದ್ದೇನೆ, ಇಂಥ ಹಿಗ್ಗು ಯಾವತ್ತೂ ಆಗಿರಲಿಲ್ಲ. ಅವ್ವ ಬಗ್ಗಿ ನೋಡಿ, "ಇದೊಂದ ತೂತ ಮರತೀರಲ್ಲೋ" ಎಂದಳು. ನೀರು ಹೋಗಲು ಬಿಟ್ಟದ್ದೆಂದು ಅಣ್ಣ ಹೇಳಿದ. "ಚಲೋ ಆತ ಬಿಡ, ಇರಿವಿಗೂ ಹಾದಿ ಆತು" ಎಂದು ಅವಳು ಕಾಲನ್ನು ಆ ತೂತಿನಿಂದ ತುಸು ಸರಿಸಿ ಇಟ್ಟಳು.

ಎರಡು ಮನೆಯ ಜನವೆಲ್ಲ ಹತ್ತಿ, ಮಕ್ಕಳು ತೊಡೆಯ ಮೇಲೆ ಕೂತು, ಕಾರು ಹೊರಟಿತು. ತವನಿಧಿಯಿಂದ ತಿರುಗಿ ಬರುವಾಗ ಗಾಡಿ ನಡೆಸುತ್ತಿದ್ದ ಅಣ್ಣ ಇದ್ದಕ್ಕಿದ್ದಂತೆ ಕೇಳಿದ: "ಅಲ್ಲೋ, ಆ ಮಷಿನ್ ಯಾರ ಮನ್ಯಾಗ ಇರೂದು? ನಿನ್ನ ಪಾಲಿಗೋ, ನನ್ನ ಪಾಲಿಗೋ?"

ಇದು ನನ್ನ ಕಸುಬಿನ ಪ್ರಶ್ನೆ. ಉತ್ತರ ಕೊಡಲು ಗಂಟಲು ಸರಿಮಾಡಿಕೊಂಡೆ. ಅಷ್ಟರಲ್ಲಿ ಹಿಂದಿನಿಂದ ಅವ್ವ, "ಕಾರಿನ ಕೂಡ ಇರಲಿ ಬಿಡ್ರಿ" ಎಂದಳು.

ಅಣ್ಣ ಹೂಂಗುಟ್ಟಿ ಗೇರು ಬದಲಿಸಿದ. ವಾಟ್ನಿ ಆದಮೇಲೆ ಇಬ್ಬರಿಗೂ ಕೂಡಿದ ಆಸ್ತಿ ಹೆಚ್ಚಾದ ಮನೆಯನ್ನು ನನ್ನ ವಕೀಲಿಕೆಯಲ್ಲಿ ನಾನು ಕಂಡದ್ದು ಅದೊಂದೇ.