ಅರ್ಧ ದಾರಿಯ ದ್ರಾಕ್ಷಿ

ಆ ಶನಿವಾರ ಏನೇನು ಕೆಡಬಹುದಿತ್ತೆಂದರೆ, ಗಡಿ ದಾಟಿದ ಕೂಡಲೇ ಮಿಷಿಗನ್ನಿನವರು ಗಡಿಯಾರ ಮುಂದಿಟ್ಟು ನಮ್ಮಿಂದ ಕಿತ್ತುಕೊಳ್ಳುವ ಒಂದು ಗಂಟೆಯನ್ನು ಮರೆತು ನಾವು ತಡವಾಗಿ ತಲುಪಬಹುದಿತ್ತು. ಅಕ್ಟೋಬರಿನಲ್ಲೇ ಹಿಮ ಬಿದ್ದು ಹೈವೇ ಮುಚ್ಚಬಹುದಿತ್ತು. ಪುಳಿಯೋಗರೆ ಡಬ್ಬಿ ಕಾರಿನ ಸೀಟಿನ ಮೇಲೆ ಮಗುಚಿಕೊಳ್ಳಬಹುದಿತ್ತು. ಅರೋರಾದ ದೇವಸ್ಥಾನದಲ್ಲಿ ವಾರವಾರ ಸಿಗುವ ಯಾರಾದರೊಬ್ಬ ಆಂಟಿ ನಾವು ಹೊರಟಿದ್ದ ವೈನ್ ತೋಟದಿಂದ ಹೊರಬರುತ್ತಾ ನಮ್ಮನ್ನು ನೋಡಬಹುದಿತ್ತು. ಆಗ ಮುಖ ಮುಚ್ಚಿಕೊಳ್ಳಬೇಕಾದವರು ಅವರೋ ನಾವೋ ಎಂಬುದು ಬೇರೆ ಪ್ರಶ್ನೆ. ಎಲ್ಲಕ್ಕಿಂತ ಹೆಚ್ಚಾಗಿ, ಮೈಸೂರಿನಿಂದ ಬಂದು ಇನ್ನೂ ವಾರವಾಗಿರದ ನಮ್ಮತ್ತೆ, ಅಲ್ಲಿಂದ ಹೊತ್ತು ತಂದಿದ್ದ ಅನುಮಾನವನ್ನು ಆ ತೋಟದಲ್ಲೇ ಖಾತ್ರಿ ಮಾಡಿಕೊಳ್ಳಬಹುದಿತ್ತು.

ಅನುಮಾನ ಇಷ್ಟೇ. ರಿಸೆಷನ್ ಎನ್ನುವುದು ನೆಪ, ಮಗ ಸೊಸೆ ಬೇರೆಯಾಗಿದ್ದಾರೆ.

ಹಾಗೆಂದು ಅವರು ಬಾಯಿಬಿಟ್ಟು ಹೇಳಿರಲಿಲ್ಲ. ಶಿಕಾಗೋ ಪಕ್ಕದ ವೆಸ್ಟ್‌ಮಂಟಿನ ನಮ್ಮ ಮನೆಗೆ ಬಂದ ದಿನ ಬಟ್ಟೆಯ ಕಪಾಟು ತೆರೆದು, ಶರ್ಟುಗಳಿರಬೇಕಾದ ಖಾಲಿ ಜಾಗವನ್ನು ನೋಡಿ, "ಎಲ್ಲಾನೂ ತಗೊಂಡ್ ಹೋಗಿದಾನಾ?" ಎಂದಷ್ಟೇ ಕೇಳಿದ್ದರು. ನಮ್ಮ ಹಳೆಯ ಕಾವ್ಯಮೀಮಾಂಸಕರು ಬಾಯಲ್ಲಿಟ್ಟರೆ ಕರಗುವ ಕಾವ್ಯವನ್ನು ದ್ರಾಕ್ಷಾಪಾಕ ಎಂದರು, ಸಿಪ್ಪೆ ಸುಲಿಯಬೇಕಾದ್ದನ್ನು ಕದಳೀಪಾಕ, ಚಿಪ್ಪು ಒಡೆಯಬೇಕಾದ್ದನ್ನು ನಾರಿಕೇಳಪಾಕ ಎಂದರು. ನಮ್ಮತ್ತೆ ಶುದ್ಧ ನಾರಿಕೇಳಪಾಕ. ಒಳಗೆ ಎಳನೀರಿದೆಯೋ ಕೊಬ್ಬರಿಯಾಗಿದೆಯೋ ಎಂದು ಕಿವಿಯ ಹತ್ತಿರ ಅಲ್ಲಾಡಿಸಿ ನೋಡುವ ಧೈರ್ಯ ನನಗಿನ್ನೂ ಬಂದಿಲ್ಲ.

ನಿಜ ಸಂಗತಿ ಹೇಳಿದರೆ ನಂಬುವಂತಿರಲಿಲ್ಲ ಎನ್ನುವುದೂ ನಿಜ. ಶಿಕಾಗೋದಲ್ಲಿ ಕೆಲಸ ಹೋದ ಮೇಲೆ ನಮ್ಮವರಿಗೆ ಕಾಂಟ್ರಾಕ್ಟ್ ಸಿಕ್ಕಿದ್ದು ಡೆಟ್ರಾಯ್ಟ್ ಪಕ್ಕದಲ್ಲಿ. ಇಡೀ ಡೆಟ್ರಾಯ್ಟ್ ಕೆಲಸ ಹುಡುಕಿಕೊಂಡು ಹೊರಗೆ ಓಡುತ್ತಿದ್ದಾಗ ಒಳಗೆ ಓಡಿದವರು ಬಹುಶಃ ಇವರೊಬ್ಬರೇ. ಮನೆ ಮಾರಲು ಕೊಳ್ಳುವವರಿಲ್ಲ. ಇನ್ಶೂರೆನ್ಸ್ ಇರುವುದು ನನ್ನ ಆಸ್ಪತ್ರೆಯ ಲ್ಯಾಬಿನ ಕೆಲಸದಲ್ಲಿ. ಕಾಂಟ್ರಾಕ್ಟಿನವರಿಗೆ ರಜೆ ಎಂಬ ಶಬ್ದವೇ ಗೊತ್ತಿಲ್ಲ, ಶನಿವಾರ ಒಂದು ಬಿಟ್ಟರೆ ಭಾನುವಾರವೂ ಡ್ಯೂಟಿ. ತಾಯಿಯನ್ನು ಏರ್‌ಪೋರ್ಟಿನಿಂದ ಕರೆತರಲೂ ಅವರಿಗೆ ಬರಲಾಗಲಿಲ್ಲ. ಹಾಗಾಗಿ ಶನಿವಾರ ಶನಿವಾರ ಅವರು ಅತ್ತಲಿಂದ, ನಾನು ಇತ್ತಲಿಂದ ಡ್ರೈವ್ ಮಾಡಿಕೊಂಡು ಬಂದು ಅರ್ಧ ದಾರಿಯಲ್ಲಿ ಸೇರುತ್ತೇವೆ. ಆ ಅರ್ಧ ದಾರಿಯಲ್ಲಿ ದ್ರಾಕ್ಷಿ ಬೆಳೆಯುತ್ತದೆ ಎನ್ನುವುದು ನಮ್ಮ ತಪ್ಪಲ್ಲ, ಭೂಗೋಳದ ತಪ್ಪು.

ಅಷ್ಟು ಚಳಿಯ ಸೀಮೆಯಲ್ಲಿ ದ್ರಾಕ್ಷಿ ಹೇಗೆ ಬದುಕುತ್ತದೆ ಎಂದು ನನಗೆ ಮೊದಲು ಚಿಂತೆಯಾಗಿತ್ತು. (ನನಗೆ ಚಿಂತೆಯಾಗದ ವಿಷಯ ಸಿಕ್ಕರೆ ಹೇಳಿ, ಅದರ ಬಗ್ಗೆಯೂ ಸ್ವಲ್ಪ ಯೋಚಿಸುತ್ತೇನೆ.) ಮಿಷಿಗನ್ ಸರೋವರ ಬೇಸಿಗೆಯ ಬಿಸಿಯನ್ನು ಒಳಗೆ ಬಚ್ಚಿಟ್ಟುಕೊಂಡು, ಚಳಿ ಬಂದಾಗ ದಡದ ಬಳ್ಳಿಗಳಿಗೆ ಸ್ವಲ್ಪ ಸ್ವಲ್ಪವೇ ಬಡಿಸುತ್ತದಂತೆ. ಒಳ್ಳೆಯ ಅತ್ತೆಯ ಹಾಗೆ, ಎಂದು ಆಗ ಅಂದುಕೊಂಡಿದ್ದೆ.

ಮೊದಲ ಸಲ ನಾವು ಆ ತೋಟಕ್ಕೆ ಹೋದದ್ದು ಬಾತ್‌ರೂಮ್ ಹುಡುಕಿಕೊಂಡು. ಬರಿಗೈಲಿ ಹೊರಡಲು ಸಂಕೋಚವಾಗಿ ವೈನ್ ರುಚಿ ನೋಡುವ ಟೇಸ್ಟಿಂಗಿಗೆ ಒಬ್ಬರ ಫೀಸು ಕೊಟ್ಟು, ಒಂದೇ ಗ್ಲಾಸಿನಲ್ಲಿ ಇಬ್ಬರೂ ಒಂದೊಂದು ಗುಟುಕು ಕುಡಿದು ಮುಖ ಹುಳ್ಳಗೆ ಮಾಡಿದೆವು. ಆಮೇಲೆ ಅದೇ ರೂಢಿಯಾಯಿತು. ನನ್ನ ನಾಲಿಗೆಗೆ ಇವತ್ತಿಗೂ ವೈನು ಎಂದರೆ ಬೆಲ್ಲ ಮರೆತ ಗೊಜ್ಜು. ಆದರೆ ವಾರವಿಡೀ ಫೋನಿನಲ್ಲಿ ಬಿಲ್ಲುಗಳ ವಿಷಯ ಮಾತಾಡಿದ ದಂಪತಿಗೆ ಹುಳಿಯ ವಿಷಯ ವಾದ ಮಾಡುವುದೂ ಒಂದು ಸುಖ.

ಅತ್ತೆಗೆ "ದ್ರಾಕ್ಷಿ ತೋಟಕ್ಕೆ ಹೋಗ್ತೀವಿ" ಎಂದು ಮಾತ್ರ ಹೇಳಿದ್ದೆ. ನಮ್ಮವರಿಗೂ ಫೋನಿನಲ್ಲಿ ತಾಕೀತು ಮಾಡಿದ್ದೆ, ಹೊರಗಡೆ ಬೆಂಚಿನ ಮೇಲೆ ಕೂತು ಊಟ ಮಾಡುವುದು, ಹೊರಡುವುದು, ಒಳಗೆ ಕಾಲಿಡುವ ಹಾಗಿಲ್ಲ. ಅತ್ತೆ ಮಗನನ್ನು ಕಂಡ ಕೂಡಲೇ ಅವನ ಕೆನ್ನೆ ಮುಟ್ಟಿ, "ಇಳಿದ್ಹೋಗಿದೀಯ" ಎಂದರು. ಪುಳಿಯೋಗರೆ ಬಡಿಸಿದೆ. ಅತ್ತೆ ಎಲ್ಲಿಗೆ ಹೋದರೂ ಜೊತೆಗೊಯ್ಯುವ ಸ್ಟೀಲ್ ಲೋಟ ತೆಗೆದು, ತುಟಿಗೆ ತಾಕಿಸದೆ ಎತ್ತಿ ನೀರು ಕುಡಿದರು. ಎಲ್ಲವೂ ಸುಸೂತ್ರ ಎಂದುಕೊಳ್ಳುವಷ್ಟರಲ್ಲಿ ಒಳಗಿಂದ ವೈನ್ ಬಡಿಸುವ ಹೆಂಗಸು, ನಮ್ಮನ್ನು ಕಿಟಕಿಯಲ್ಲಿ ಕಂಡು, ನಗುತ್ತಾ ಬಂದಳು. ಒಂದು ಕೈಯಲ್ಲಿ ಅಜ್ಜಿಗೆಂದು ದ್ರಾಕ್ಷಿ ಜ್ಯೂಸು, ಇನ್ನೊಂದು ಕೈಯಲ್ಲಿ ನಮ್ಮ ಮಾಮೂಲು, ಒಂದೇ ಗ್ಲಾಸು. ಈ ವರ್ಷದ ಹೊಸದು, ಹೇಗಿದೆ ಹೇಳಿ ಎಂದು ಇಟ್ಟು ಹೋದಳು.

ಅಭ್ಯಾಸಬಲ ನೋಡಿ. ಇವರು ಒಂದು ಗುಟುಕು ಕುಡಿದು ನನಗೆ ಕೊಟ್ಟರು. ನಾನು ಕುಡಿದು, "ಹೋದ್ಸಲದ್ದಕ್ಕಿಂತ ಹುಳಿ ರೀ" ಎಂದು ವಾಪಸು ಕೊಟ್ಟೆ. ಇವರು ಮತ್ತೆ ಕುಡಿದು, "ನಿಂಗೆ ಎಲ್ಲಾನೂ ಹುಳಿನೇ, ಮೊಸರೂ ಹುಳಿ, ನಾನೂ ಹುಳಿ" ಎಂದರು. ಮೊಸರಿನ ಮಾತಿಗೆ ನಾನು ಉತ್ತರ ಕೊಡುತ್ತಿದ್ದಾಗ ಅತ್ತೆಯ ನೆನಪಾಯಿತು.

ಅವರು ನಮ್ಮಿಬ್ಬರ ನಡುವಿನ ಗ್ಲಾಸನ್ನೇ ನೋಡುತ್ತಿದ್ದರು. ನನ್ನ ಕಣ್ಣ ಮುಂದೆ ಅವರು ಮೈಸೂರಿಗೆ ಮಾಡಲಿರುವ ಫೋನು ಸುಳಿಯಿತು: ಗಂಡ ಒಂದೂರು, ಹೆಂಡತಿ ಒಂದೂರು, ಮಧ್ಯೆ ಹೆಂಡದಂಗಡಿ.

"ಎಂಜಲಲ್ಲವೇನೇ?" ಎಂದರು ಅತ್ತೆ.

"ಒಂದೇ ಫೀಸು ಕೊಡೋದು ಅತ್ತೆ" ಎಂದು ತೊದಲಿದೆ.

ಅವರು ಜ್ಯೂಸನ್ನು ಲೋಟಕ್ಕೆ ಬಗ್ಗಿಸಿಕೊಂಡು, ಎತ್ತಿ, ಒಂದು ಹನಿಯೂ ಸೀರೆಗೆ ಬೀಳದ ಹಾಗೆ ಕುಡಿದರು. ಎಂಜಲು ಎಂಬ ಮಾತಿಗೆ ಇಂಗ್ಲಿಷಿನಲ್ಲಿ ಶಬ್ದವಿಲ್ಲ. ಈಗ ದೂರದ ಕಾಲೇಜಿನಲ್ಲಿರುವ ನನ್ನ ಮಗಳಿಗೆ ಹಿಂದೆ ಹೇಳಿಕೊಡಲು ಹೋಗಿ 'ಜರ್ಮ್ಸ್' ಎಂದು ಸೋತಿದ್ದೇನೆ. ಜರ್ಮ್ಸ್ ಎಲ್ಲರಿಗೂ ಒಂದೇ. ಎಂಜಲಿಗೆ ಮಾತ್ರ ಯಾರದು ಯಾರಿಗೆ ಸಲ್ಲುತ್ತದೆ ಎಂಬ ಲೆಕ್ಕವಿದೆ.

ವಾಪಸು ಬರುವಾಗ ನಡುವಿನ ಇಂಡಿಯಾನಾ ರಾಜ್ಯ ದಾಟುವವರೆಗೂ ನಾನು ಹೈವೇ ನೋಡುತ್ತಾ ಸಮಜಾಯಿಷಿಗಳನ್ನು ಜೋಡಿಸಿಕೊಳ್ಳುತ್ತಿದ್ದೆ. ಆಮೇಲೆ ಅತ್ತೆಯೇ ಹೇಳಿದರು.

"ಏನೇನೋ ಅಂದ್ಕೊಂಡು ಬಂದಿದ್ದೆ ಕಣೇ. ಮನಸ್ಸು ಮುರಿದೋರು ಎಂಜಲು ಕುಡಿಯಲ್ಲ ಬಿಡು."

ಮನೆಗೆ ಬಂದು ಚೀಲ ಬಿಚ್ಚಿದಾಗ ಗೊತ್ತಾಯಿತು, ನಾನು ಹಾಕಿದ್ದ ಪಟ್ಟಿಯಲ್ಲಿ ಇಲ್ಲದ್ದೊಂದು ಕೆಟ್ಟಿದೆ. ಅತ್ತೆಯ ಸ್ಟೀಲ್ ಲೋಟ ಅಲ್ಲೇ ಬೆಂಚಿನ ಮೇಲೆ ಉಳಿದುಬಿಟ್ಟಿತ್ತು. ಎಲ್ಲಿಯೂ ಎಂದೂ ಏನನ್ನೂ ಮರೆಯದ ಹೆಂಗಸು ಅವರು. ಈಗಲೇ ಫೋನ್ ಮಾಡಿ ತೆಗೆದಿಡಲು ಹೇಳುತ್ತೇನೆಂದು ನಾನು ಗಾಬರಿಯಿಂದ ಎದ್ದರೆ, ಅವರು ಒಗೆದ ಬಟ್ಟೆ ಮಡಿಸುತ್ತಾ ತಲೆ ಎತ್ತಲೂ ಇಲ್ಲ.

"ಇರಲಿ ಬಿಡೇ. ಹೇಗೂ ಮುಂದಿನ ಶನಿವಾರ ಹೋಗ್ತೀವಲ್ಲ."