ಗಂಟೆಯ ಚಿತ್ರ ಕಾಣದ ಬೆಳಿಗ್ಗೆ

ಆನೆಯ ಸದ್ದು ನನಗೆ ನೆನಪಿಲ್ಲ. ನೆನಪಿರುವುದು ಹಾಲಿನ ಕ್ಯಾನು ರಸ್ತೆಯ ಮೇಲೆ ಉರುಳಿದ ಸದ್ದು. ಮೊದಲು ಠಣ್ ಎಂದಿತು, ಆಮೇಲೆ ಇಳಿಜಾರಿನುದ್ದಕ್ಕೂ ಗಡಗಡ ಉರುಳಿ, ಚರಂಡಿಯ ಕಲ್ಲಿಗೆ ಬಡಿದು ನಿಂತಿತು. ಈಗಲೂ ಅಡುಗೆಮನೆಯಲ್ಲಿ ಯಾರಾದರೂ ಪಾತ್ರೆ ಬೀಳಿಸಿದರೆ ನಾನು ಮೊದಲು ರಸ್ತೆಯ ಕಡೆ ನೋಡುತ್ತೇನೆ.

ನಮ್ಮೂರು ತಮಿಳುನಾಡಿನ ಗಡಿಯೊಳಗೆ, ತಾಳಮಲೆಯ ಕಾಡಿಗೆ ಅಂಟಿಕೊಂಡಿದೆ. ಹಾಲಿನ ಡೈರಿಯ ಪಕ್ಕದ ಕೋಣೆಯಲ್ಲಿ ಊರಿನದೊಂದು ಕಂಪ್ಯೂಟರ್ ಇದೆ. ಆನೆ ಕಾಡಿನ ಅಂಚು ದಾಟಿತೆಂದರೆ ಕಾವಲಿನವರು ಆ ಕೋಣೆಗೆ ಫೋನ್ ಮಾಡುತ್ತಾರೆ. ಕೋಣೆಯಲ್ಲಿ ಕೂತವರು ಪರದೆಯ ಮೇಲಿನ ಗಂಟೆಯ ಚಿತ್ರ ಒತ್ತಿದರೆ ಆ ದಿಕ್ಕಿನ ಮನೆಗಳ ಮೊಬೈಲುಗಳೆಲ್ಲ ಒಟ್ಟಿಗೆ ಬಡಿದುಕೊಳ್ಳುತ್ತವೆ. ಎತ್ತಿದರೆ ನನ್ನ ದನಿ. ಆನೆ ಬಂದಿದೆ, ಹೊರಗೆ ಬರಬೇಡಿ ಎಂದು ಕನ್ನಡದಲ್ಲಿ ಒಮ್ಮೆ, ತಮಿಳಿನಲ್ಲಿ ಒಮ್ಮೆ. ನಾಲ್ಕು ದಿಕ್ಕಿಗೆ ನಾಲ್ಕು ಗಂಟೆ, ಪರದೆಯ ಎಡಗಡೆ ಒಂದರ ಕೆಳಗೊಂದು. ಚಾಮರಾಜನಗರದಲ್ಲಿ ಬಿ.ಎಸ್ಸಿ. ಓದಿ ಬಂದವಳೆಂದು ಇದನ್ನೆಲ್ಲ ನೋಡಿಕೊಳ್ಳುವ ಕೆಲಸ ನನಗೆ ಬಿದ್ದಿತ್ತು.

ಬೆಳಗಿನ ಹೊತ್ತು ಕೋಣೆಯಲ್ಲಿ ಕೂರುವವಳು ಒಬ್ಬ ಅಕ್ಕ. ಕೂಲಿಗೆ ಹೋಗುವ ಮೊದಲು ಐದರಿಂದ ಎಂಟರವರೆಗೆ ಕೂರುತ್ತಿದ್ದಳು. ಅವಳಿಗೆ ಓದು ಬರುವುದಿಲ್ಲ. ಬೇಕಾಗಿಯೂ ಇರಲಿಲ್ಲ. ಮೇಲಿನ ಗಂಟೆ ಕೆರೆ, ಎರಡನೆಯದು ಡೈರಿ ದಾರಿ, ಮೂರನೆಯದು ಸ್ಕೂಲು, ಕೊನೆಯದು ಹಳ್ಳ. ಕಣ್ಣು ಮುಚ್ಚಿಯೂ ಒತ್ತುತ್ತಿದ್ದಳು.

ಸಿಡಿಲು ಬಡಿದು ಆ ಕಂಪ್ಯೂಟರ್ ಸುಟ್ಟುಹೋಯಿತು. ಅದನ್ನು ಕೊಟ್ಟಿದ್ದ ಸಂಸ್ಥೆಯವರು ಬದಲಿಗೆ ಹೊಸದೊಂದನ್ನು ಕಳಿಸಿದರು. ಅಂಚಿನವರೆಗೂ ಗಾಜು, ಬೆರಳಿನಿಂದ ಮುಟ್ಟಿದರೆ ಸಾಕು. ಅದರೊಳಗಿನ ವ್ಯವಸ್ಥೆಯೂ ಬೆರಳಿಗೆಂದೇ ಮಾಡಿದ್ದು. ಆನ್ ಮಾಡಿದ ಕೂಡಲೇ ಪರದೆಯ ತುಂಬ ಬಣ್ಣಬಣ್ಣದ ದೊಡ್ಡ ಚೌಕಗಳು. ಒಂದರಲ್ಲಿ ಸುದ್ದಿ, ಒಂದರಲ್ಲಿ ಹವಾಮಾನ, ಒಂದರಲ್ಲಿ ಯಾವುದೋ ಸಮುದ್ರತೀರದ ಚಿತ್ರ. ನಮ್ಮ ನಾಲ್ಕು ಗಂಟೆಗಳೂ ಒಂದೇ ಚೌಕದೊಳಗೆ ಸೇರಿಕೊಂಡಿದ್ದವು. ಆ ಚೌಕ ಕಾಣಬೇಕಾದರೆ ಪರದೆಯನ್ನು ಪಕ್ಕಕ್ಕೆ ಎಳೆಯಬೇಕಿತ್ತು. ಅಕ್ಕನಿಗೆ ಎರಡು ದಿನ ಸಂಜೆ ಕಲಿಸಿದೆ. "ಮನೆ ಬಾಗ್ಲು ಎಲ್ಲೋ, ಒಲೆ ಎಲ್ಲೋ," ಎಂದು ಗೊಣಗುತ್ತಲೇ ಕಲಿತಳು.

ಮೂರನೆಯ ದಿನ ಬೆಳಿಗ್ಗೆ ಐದು ಮುಕ್ಕಾಲಿಗೆ ಫೋನ್ ಬಂತು. ಒಂಟಿ ಸಲಗ ಕೆರೆ ಏರಿಯಿಂದ ಡೈರಿ ದಾರಿಗೆ ಇಳಿಯುತ್ತಿದೆ. ದೂರದ ಲೈಟುಕಂಬ ಕಾಣದಷ್ಟು ಮಂಜು. ನಾನಾಗಲೇ ಸ್ನಾನ ಮಾಡಿ ಬಂದು, ದಿನವೂ ಮಾಡುವಂತೆ ವಿಭೂತಿ ಗಟ್ಟಿಯನ್ನು ನೀರಲ್ಲಿ ತೇಯ್ದು, ಪರದೆಯ ಮೇಲ್ತುದಿಗೆ ಮೂರು ಬೆರಳು ಎಳೆದು ಪಕ್ಕಕ್ಕೆ ನಿಂತಿದ್ದೆ. ನಮ್ಮ ಮನೆಯಲ್ಲಿ ಪಂಪ್‌ಸೆಟ್ಟಿಗೂ ಟ್ರ್ಯಾಕ್ಟರಿಗೂ ಹಾಗೆ ಇಟ್ಟೇ ದಿನದ ಕೆಲಸ ಶುರು.

ಅಕ್ಕ ಚೌಕ ಒತ್ತಿದಳು. ಪರದೆ ತಾನಾಗಿ ಜಾರಿತು. ಮತ್ತೆ ಎಳೆದು ಒತ್ತಿದಳು. ಹವಾಮಾನ ತೆರೆದುಕೊಂಡು ಇಡೀ ಪರದೆಯನ್ನು ತುಂಬಿತು. ಮುಚ್ಚಲು ಮೂಲೆಯಲ್ಲಿ ಇಂಟು ಗುರುತೂ ಇಲ್ಲ. ನಾನು ಅವಳನ್ನು ಸರಿಸಿ ಕೂತೆ. ಬಲಗಡೆಯಿಂದ ಕಪ್ಪು ಪಟ್ಟಿಯೊಂದು ಬಂತು, ಹೋಯಿತು, ಮತ್ತೆ ಬಂತು. ನನ್ನ ದೊಡ್ಡಪ್ಪ ಡೈರಿಗೆ ಹಾಲು ತೆಗೆದುಕೊಂಡು ಮನೆ ಬಿಡುವುದು ಆರಕ್ಕೆ ಐದು ನಿಮಿಷ ಇರುವಾಗ. ಹತ್ತು ನಿಮಿಷ ಇತ್ತು. ನನ್ನ ಮೊಬೈಲು ಮೇಜಿನ ಮೇಲೇ ಇತ್ತು, ಅವರ ನಂಬರು ಬಾಯಿಪಾಠ. ನೇರ ಫೋನ್ ಮಾಡಬಹುದೆಂದು ಹೊಳೆಯಲೇ ಇಲ್ಲ. ಆ ಗಾಜನ್ನು ಒತ್ತುತ್ತಲೇ ಇದ್ದೆ.

ಕಿಟಕಿಯಲ್ಲಿ ಅವರ ಮೊಪೆಡ್ಡಿನ ದೀಪ ಕಂಡಾಗ ಹೊರಗೆ ಓಡಿದೆ. ಐವತ್ತು ಹೆಜ್ಜೆ ದೂರದಲ್ಲಿ, ತಿರುವಿನ ಹುಣಸೆಮರದ ಪಕ್ಕ, ಮಂಜಿಗಿಂತ ಸ್ವಲ್ಪ ಕಪ್ಪಾಗಿ ಅದು ನಿಂತಿತ್ತು. ಕೂಗಬೇಕೆಂದುಕೊಂಡೆ, ದನಿ ಹೊರಡಲಿಲ್ಲ. ಊರಿಗೆಲ್ಲ ಎಚ್ಚರಿಕೆ ಹೇಳುವ ದನಿ. ದೊಡ್ಡಪ್ಪ ಗಾಡಿ ಬಿಟ್ಟು ಅರಿಸಿನದ ಹೊಲಕ್ಕೆ ಹಾರಿದರು. ಗಾಡಿ ಬಿತ್ತು, ಕ್ಯಾನು ಉರುಳಿತು. ಸಲಗ ಮೊಪೆಡ್ಡನ್ನು ಒಂದು ಸಲ ಕಾಲಿನಿಂದ ತಳ್ಳಿ, ಸ್ವಲ್ಪ ಹೊತ್ತು ನಿಂತು, ಹಳ್ಳದ ಕಡೆ ಹೋಯಿತು. ದೊಡ್ಡಪ್ಪನ ಹೆಗಲ ಮೂಳೆ ಮುರಿದಿತ್ತು, ಅಷ್ಟೇ. ಅಷ್ಟೇ ಎಂದು ಎಲ್ಲರೂ ಹೇಳುತ್ತಾರೆ.

ಸಂಜೆ ನೋಡಲು ಹೋದಾಗ ಅವರು ಮಂಚದ ಮೇಲೆ ಕೂತು ಕಾಫಿ ಕುಡಿಯುತ್ತಿದ್ದರು. "ಓದು ಬರ್ದೋಳ್ನ ಗಾಜಿನ ಮುಂದೆ ಕೂರ್ಸುದ್ರೆ ಇನ್ನೇನಾದದು ಕೂಸೆ? ಬೆಳ್ಳುಳ್ಳಿ ಸುಲ್ದು ಸುಲ್ದು ಅವ್ಳ ಕೈಯಿ ಮರದ ತೊಗಟೆ ಆಗದೆ. ಅದ್ಕೆ ಅರ್ಥ ಆಗಲ್ಲ. ಭಾನುವಾರ ಎಲ್ರೂ ಸೇರಿ ಬ್ಯಾರೆಯೋರ್ನ ನೋಡಮು."

ನಾನೂ ಒತ್ತಿದ್ದೆ, ನನ್ನ ಬೆರಳಿಗೂ ಅದು ಬಗ್ಗಲಿಲ್ಲ ಎಂದೆ. ಅವರು ಲೋಟ ಕೆಳಗಿಟ್ಟು ಬೇರೆ ಮಾತು ತೆಗೆದರು.

ಅಕ್ಕನೂ ಹೋಗುವ ಮನಸ್ಸಿನಲ್ಲೇ ಇದ್ದಳು. "ನಾ ಬುಟ್ಬುಡ್ತೀನಿ ಕಣವ್ವ. ನಾಳೀಕೆ ಯಾರಾರ ಸತ್ರೆ ನನ್ ತಲೆ ಮ್ಯಾಲೆ ಬತ್ತದೆ." ಭಾನುವಾರಕ್ಕೆ ನಾಲ್ಕು ದಿನ ಇತ್ತು. ಅಷ್ಟರೊಳಗೆ ಪರದೆಯನ್ನು ಹಳೆಯದರಂತೆಯೇ ಮಾಡಿಕೊಡುತ್ತೇನೆ, ಅಲ್ಲಿಯವರೆಗೆ ಬಾ ಎಂದು ಬೇಡಿಕೊಂಡೆ.

ಸಂಸ್ಥೆಗೆ ಫೋನ್ ಮಾಡಿದರೆ ಎತ್ತಿದವರು ತಮಿಳಿನಲ್ಲಿ ಬಹಳ ನಯವಾಗಿ, "ಪಳಸು ಎದುಕ್ಕು ಮೇಡಂ? ಪಳಗಿಡುಂ," ಎಂದರು. ಹಳೆಯದು ಯಾಕೆ, ಅಭ್ಯಾಸ ಆಗಿಬಿಡುತ್ತೆ. ಆನೆ ಅಂದೆ. "ಆಮಾ ಮೇಡಂ, ಪಳಗಿಡುಂ," ಎಂದು ಹೂಂಗುಟ್ಟಿದರು. ಆನೆಗೆ ಹೇಳಿದರೋ ನನಗೆ ಹೇಳಿದರೋ.

ಆಮೇಲೆ ನಾನೇ ಕೂತೆ. ಆ ಚೌಕಗಳ ಹಿಂದೆ ಹಳೆಯ ಡೆಸ್ಕ್‌ಟಾಪ್ ಇನ್ನೂ ಇತ್ತು, ಬೇಡದ ನೆಂಟನನ್ನು ಹಿತ್ತಲಲ್ಲಿ ಕೂರಿಸಿದ ಹಾಗೆ. ಅದಕ್ಕೆ ಕೆಳಗಿನ ಪಟ್ಟಿ ಇತ್ತು, ಪಟ್ಟಿಯ ಮೂಲೆಯ ಸ್ಟಾರ್ಟ್ ಗುಂಡಿ ಇರಲಿಲ್ಲ. ಗುಂಡಿ ವಾಪಸು ಕೊಡುವ ಸಣ್ಣದೊಂದು ಪ್ರೋಗ್ರಾಂ ಸಿಗುತ್ತದೆಂದು ಓದಿದೆ. ಅದನ್ನು ಇಳಿಸಿಕೊಳ್ಳಲು ಸಿಗ್ನಲ್ ಬೇಕು. ಮೊಬೈಲು ಹಿಡಿದು ನೀರಿನ ಟ್ಯಾಂಕಿನ ಮೆಟ್ಟಿಲ ಮೇಲೆ ಕೂತರೆ ಶೇಕಡಾ ತೊಂಬತ್ತರವರೆಗೆ ಬಂದು ನಿಲ್ಲುತ್ತಿತ್ತು. ಮೂರು ಸಲ ಹಾಗಾಯಿತು. ಕೊನೆಗೆ ಬಸ್ಸು ಹತ್ತಿ ಘಾಟಿಯ ತುದಿಯ ದಿಂಬಂಗೆ ಹೋಗಿ, ಟೀ ಅಂಗಡಿಯ ಬೆಂಚಿನ ಮೇಲೆ ಕೂತು ಇಳಿಸಿಕೊಂಡು ಬಂದೆ.

ಹಾಕಿದೆ. ಗುಂಡಿ ಬಂತು. ಆಫ್ ಮಾಡಿ ಆನ್ ಮಾಡಿದರೆ ಮತ್ತೆ ಚೌಕಗಳು. ಆನ್ ಆದ ಕೂಡಲೇ ಡೆಸ್ಕ್‌ಟಾಪಿಗೇ ಹೋಗು ಎನ್ನುವ ಆಯ್ಕೆ ಎಲ್ಲೋ ಮೂರು ಬಾಗಿಲುಗಳ ಒಳಗೆ ಅಡಗಿತ್ತು. ಅದನ್ನು ಹುಡುಕಲು ಅರ್ಧ ದಿನ ಹೋಯಿತು. ನಾಲ್ಕು ಗಂಟೆಗಳನ್ನು ಬೇರೆ ಬೇರೆ ಮಾಡಿ ಎಡಗಡೆ ಒಂದರ ಕೆಳಗೊಂದು ಇಟ್ಟೆ. ಹಿಂದೆ ಇದ್ದಂಥದೇ ಹಸಿರು ಗುಡ್ಡದ ಚಿತ್ರ ಹಾಕಿದೆ. ಹಳೆಯ ಮೌಸ್ ತಂದು ಸಿಕ್ಕಿಸಿದೆ. ಶುಕ್ರವಾರ ಮಧ್ಯಾಹ್ನ ಅಕ್ಕನನ್ನು ಕರೆಸಿ ಪರೀಕ್ಷೆಗೆ ಒತ್ತಿಸಿದೆ. ನಾಲ್ಕೂ ಸರಿಯಾಗಿ ಕೆಲಸ ಮಾಡಿದವು. "ಈಗ ಬಂತು ನೋಡು ದಾರಿಗೆ," ಎಂದಳು.

ಶನಿವಾರ ಬೆಳಿಗ್ಗೆ, ಅದೇ ಮಂಜಿನಲ್ಲಿ, ಮೌಸಿನ ಬಾಣದ ಗುರುತು ತಾನಾಗಿ ಮೂಲೆಗೆ ಜಿಗಿಯತೊಡಗಿತು. ಕಪ್ಪು ಪಟ್ಟಿ ಬಂತು, ಹೋಯಿತು. ನಾನು ಮೇಜಿಗೆ ಗುದ್ದಿದೆ. ಮಧ್ಯಾಹ್ನ ನೆಟ್ಟಗಿರುವ ಯಂತ್ರಕ್ಕೆ ಬೆಳಿಗ್ಗೆ ಮಾತ್ರ ಏನಾಗುತ್ತದೆ ಎಂದು ಅಳು ಬಂತು.

ಅಕ್ಕ ಗಾಜಿನ ಮೇಲ್ತುದಿಯನ್ನು ನೋಡುತ್ತಿದ್ದಳು. "ಒಂದ್ ಮಾತ್ ಯೋಳ್ಲಾ ಅವ್ವ? ಬೈಬ್ಯಾಡ. ನೆನ್ನೆ ನೀ ದಿಂಬಂಗೆ ಓದ ದಣಿವ್ಗೆ ಬೆಳಿಗ್ಗೆ ಬರ್ನಿಲ್ಲ. ನೆನ್ನೆ ಇದು ಕುಣೀನಿಲ್ಲ."

"ಅದಕ್ಕೆ?"

"ನೀ ಬಂದು ಈಬೂತಿ ಇಟ್ಟೇಟ್ಗೆ ಕುಣೀತದೆ. ಒಣುಗ್ದ ಮ್ಯಾಲೆ ಸುಮ್ಕಾಯ್ತದೆ."

ಸೆರಗಿನಿಂದ ಗಾಜಿನ ಮೇಲ್ತುದಿ ಒರೆಸಿದೆ. ಬಾಣ ನಿಂತಿತು. ಬೆರಳು ಅದ್ದಿ ಮತ್ತೆ ಮೂರು ಗೆರೆ ಎಳೆದೆ. ಜಿಗಿಯಿತು. ಒರೆಸಿದೆ, ನಿಂತಿತು. ಹಸಿ ವಿಭೂತಿಯನ್ನು ಆ ಗಾಜು ಬೆರಳೆಂದುಕೊಳ್ಳುತ್ತಿತ್ತು. ಹಳೆಯ ಪರದೆಗೆ ಅಗಲವಾದ ಪ್ಲಾಸ್ಟಿಕ್ ಅಂಚಿತ್ತು, ಮುಟ್ಟಿದರೆ ತಿಳಿಯುವ ಗಾಜೂ ಅದಕ್ಕಿರಲಿಲ್ಲ. ಮಂಜಿನಲ್ಲಿ ವಿಭೂತಿ ಒಣಗಲು ಕಾಲು ಗಂಟೆ ಬೇಕು. ಆ ದಿನ ನಮಗೆ ಇದ್ದದ್ದು ಹತ್ತು ನಿಮಿಷ.

ಅಕ್ಕ ಹೋಗಿ ನೀರು ತಂದುಕೊಟ್ಟಳು.

ಭಾನುವಾರ ಡೈರಿಯ ಅಂಗಳದಲ್ಲಿ ಹಾಲು ಹಾಕುವವರೆಲ್ಲ ಸೇರಿದ್ದರು. ಅಕ್ಕ ದೂರದ ಗೋಡೆಯ ಬಳಿ ನಿಂತಿದ್ದಳು. ನಾನು ಎದ್ದು, ತಪ್ಪು ಅವಳದಲ್ಲ, ನನ್ನದು ಎಂದು ನಡೆದದ್ದನ್ನು ಹೇಳಿದೆ. ದೊಡ್ಡಪ್ಪ ಕಟ್ಟು ಹಾಕಿದ ಕೈಯನ್ನು ಎದೆಗೆ ಒತ್ತಿ ಹಿಡಿದುಕೊಂಡೇ ನಕ್ಕರು.

"ಈಬೂತಿ ಇಟ್ಟಿದ್ಕೆ ನನ್ ಮೂಳೆ ಮುರೀತು ಅಂತೀಯಾ ಕೂಸೆ? ಯಾರ್ನೋ ಉಳ್ಸಕ್ಕೆ ಓಗಿ ದ್ಯಾವ್ರ ಮ್ಯಾಲೆ ಆಕ್ಬ್ಯಾಡ."

ಅಂಗಳವೆಲ್ಲ ನಕ್ಕಿತು. ನಾನು ಎಲ್ಲರನ್ನೂ ಕೋಣೆಗೆ ಕರೆದೆ. ಎದ್ದು ಬಂದವರು ದೊಡ್ಡಪ್ಪ ಒಬ್ಬರೇ. ಅವರ ಮುಂದೆ ಗೆರೆ ಎಳೆದೆ, ಒರೆಸಿದೆ, ಮತ್ತೆ ಎಳೆದೆ. ಬಾಣ ಜಿಗಿಯುವುದನ್ನು ಅವರು ಬಹಳ ಹೊತ್ತು ನೋಡಿದರು. ಒಪ್ಪಿದೆ ಎನ್ನಲಿಲ್ಲ. ಹೊರಗೆ ಬಂದು, "ಚಳೀಲಿ ಐದ್ ಗಂಟ್ಗೆ ಎದ್ದು ಬರೋರು ಯಾರಿದ್ದೀರಿ, ಕೈ ಎತ್ರಲಾ," ಎಂದರು. ಯಾರೂ ಎತ್ತಲಿಲ್ಲ. "ಅಂಗಾರೆ ಅವ್ಳೇ ಇರ್ಲಿ ಬುಡ್ರಿ," ಎಂದು ಮೂಳೆ ಮುರಿದ ಹೆಗಲಿನ ಮೇಲೆ ಟವೆಲ್ ಸರಿಪಡಿಸಿಕೊಂಡರು. ಅವಳ ತಪ್ಪಿಲ್ಲವೆಂಬ ಮಾತು ಯಾರ ಬಾಯಿಂದಲೂ ಬರಲಿಲ್ಲ. ನನಗೆ ಬೇಕಿದ್ದದ್ದು ಅದೊಂದೇ ಮಾತು.

ಸಂಜೆ ಆ ಪರದೆಯ ಮುಟ್ಟುವ ಶಕ್ತಿಯನ್ನೇ ಪೂರ್ತಿ ಆಫ್ ಮಾಡಿದೆ. ಈಗ ಅದು ಬರೀ ಗಾಜು, ಮೌಸಿಗೆ ಮಾತ್ರ ಬಗ್ಗುತ್ತದೆ. ಅದನ್ನು ಹೇಳಲು ಅಕ್ಕನ ಮನೆಗೆ ಹೋದಾಗ ಅವಳು ಜಗಲಿಯ ಮೇಲೆ ಬೆಳ್ಳುಳ್ಳಿ ಬಿಡಿಸುತ್ತಿದ್ದಳು.

"ಬತ್ತೀನಿ," ಎಂದಳು. "ಆದ್ರೆ ನೀ ಬೆಳಿಗ್ಗೆ ಬರ್ಬ್ಯಾಡ ಕಣವ್ವ. ಹಿಂದ್ಗಡೆ ನಿಂತ್ಕಂಡು ನೀ ನಡುಗ್ತಾ ಇದ್ರೆ ನನ್ಗೂ ಕೈ ನಡುಗ್ತದೆ."

ಅಂದಿನಿಂದ ಬೆಳಿಗ್ಗೆ ನಾನು ಹೋಗುವುದಿಲ್ಲ. ಐದು ಗಂಟೆಗೆ ಎಚ್ಚರವಾಗುತ್ತದೆ. ಎಂಟರವರೆಗೆ ಮೊಬೈಲನ್ನು ಎದುರಿಗಿಟ್ಟುಕೊಂಡು ಮನೆಯಲ್ಲೇ ಕೂರುತ್ತೇನೆ.