ಅತ್ತೆಯ ಬಾಣಂತಿಯರು

ಮಕ್ಕಳೇ, ನೀವು ನೋಡಿದ ಮುತ್ತಜ್ಜಿ ಹಜಾರದ ಮೂಲೆಯಲ್ಲಿ ಮಂಚ ಹಿಡಿದಿದ್ದ ಮುದುಕಿ. ಕಿವಿ ಮಂದವಾಗಿತ್ತು, ನಿಮ್ಮ ಹೆಸರುಗಳನ್ನೆಲ್ಲ ಅದಲುಬದಲು ಮಾಡುತ್ತಿದ್ದರು. ಹೋದ ವರ್ಷ ಅವರು ತೀರಿಕೊಂಡಾಗ ನಿಮಗೆ ಗುರುತೇ ಇಲ್ಲದ ಹೆಂಗಸರು ಕಿಕ್ಕೇರಿಯಿಂದ, ನಾಗಮಂಗಲದಿಂದ, ಶ್ರೀರಂಗಪಟ್ಟಣದಿಂದ ಬಸ್ಸು ಹತ್ತಿ ಬಂದು ಹೆತ್ತ ತಾಯಿ ಹೋದ ಹಾಗೆ ಅತ್ತರು. ಅವರೆಲ್ಲ ಯಾರಜ್ಜಿ ಎಂದು ನೀವು ಕೇಳಿದಿರಿ. ಜನ ತುಂಬಿದ ಮನೆಯಲ್ಲಿ ನನಗೆ ಬಾಯಿ ಬರುವುದಿಲ್ಲ. ನಿಧಾನವಾಗಿ ಬರೆಯಬಲ್ಲೆ, ಅದಕ್ಕೇ ಬರೆಯುತ್ತಿದ್ದೇನೆ.

ಅವರೆಲ್ಲ ನಮ್ಮ ಮನೆಯಲ್ಲಿ ಬಾಣಂತನ ಮಾಡಿಸಿಕೊಂಡವರು.

ನಮ್ಮ ಕಡೆ ಚೊಚ್ಚಲ ಬಾಣಂತನ ತವರಿನಲ್ಲೇ ಆಗಬೇಕು. ಈಗ ಹೆರಿಗೆಯೇನೋ ಪಾಂಡವಪುರದ ಆಸ್ಪತ್ರೆಯಲ್ಲಾಗುತ್ತದೆ, ಆದರೆ ಆಮೇಲೆ ತಿಂಗಳುಗಟ್ಟಲೆ ಎಣ್ಣೆ ಹಚ್ಚಿ, ನೀರೆರೆದು, ಪಥ್ಯ ಮಾಡಿ ಹಾಕಲು ತಾಯಿ ಬೇಕು. ತಾಯಿ ಇಲ್ಲದವಳು ಏನು ಮಾಡಬೇಕು? ನಿಮ್ಮ ಮುತ್ತಜ್ಜಿ, ಅಂದರೆ ನನ್ನ ಅತ್ತೆ, ಅಂಥವರನ್ನು ಹುಡುಕಿ ತರುತ್ತಿದ್ದರು. ಬಸ್ಸಿನಲ್ಲಿ ಪಕ್ಕ ಕೂತ ಬಸುರಿಯಾಗಲಿ, ಊರ ಆಲೆಮನೆಯಲ್ಲಿ ಕಬ್ಬು ಹೊರುತ್ತಿದ್ದ ಬಸುರಿಯಾಗಲಿ, ತವರಿಗೆ ಯಾವಾಗ ಹೋಗುತ್ತೀಯ ಎಂದು ಕೇಳುವರು. ಅವಳು ತಲೆ ತಗ್ಗಿಸಿದರೆ ಸಾಕು, ಕೆಲವು ದಿನಗಳಲ್ಲಿ ಅವಳ ಬಟ್ಟೆಗಂಟು ನಮ್ಮ ಒಳಕೋಣೆಯಲ್ಲಿರುತ್ತಿತ್ತು.

ನಾವು ಉಳ್ಳವರಲ್ಲ. ಅತ್ತೆ ಬೀದಿಯ ಮನೆಮನೆಗೂ ಹೋಗಿ ಒಬ್ಬರಿಂದ ಹರಳೆಣ್ಣೆ, ಒಬ್ಬರಿಂದ ಒಂದು ಲೋಟ ತುಪ್ಪ, ಇನ್ನೊಬ್ಬರಿಂದ ಕೂಸಿಗೆ ಹಾಸಲು ಹಳೆಯ ನೂಲಿನ ಸೀರೆ ಕೇಳಿ ತರುತ್ತಿದ್ದರು. ಇಲ್ಲವೆಂದವರ ಜಗಲಿಯಲ್ಲಿ ಕೂತೇಬಿಡುತ್ತಿದ್ದರು. ನಿಮ್ಮ ತಾತ ಅವರನ್ನು ರೇಗಿಸುತ್ತಿದ್ದರು.

“ಇನ್ನೂ ಎಷ್ಟ್ ಜನ ತಂಗೀರ್ನ ತಂದಾಕೀಯವ್ವ ನಂಗೆ? ಗೌರಿ ಅಬ್ಬಕ್ಕೆ ಬಾಗ್ನ ಕೊಟ್ಟೂ ಕೊಟ್ಟೂ ಗದ್ದೇನೆ ಕರಗೋಯ್ತದೆ ಬುಡು.”

ಹಾಗೆಂದವರೇ ಹಬ್ಬದ ಹಿಂದಿನ ದಿನ ಬೈಕಿಗೆ ಚೀಲ ಕಟ್ಟಿಕೊಂಡು ಆ ತಂಗಿಯರ ಊರುಗಳನ್ನೆಲ್ಲ ಸುತ್ತಿ ಬರುತ್ತಿದ್ದರು.

ಮೂರನೇ ತಿಂಗಳು ಗಂಡನ ಮನೆಗೆ ಹೊರಡುವ ಮಗಳಿಗೆ ತವರಿನವರು ಮಡಿಲು ತುಂಬುತ್ತಾರೆ. ಅವಳು ಸೆರಗೊಡ್ಡಿ ಕೂರುತ್ತಾಳೆ. ಮುತ್ತೈದೆಯೊಬ್ಬಳು ಅಕ್ಕಿ, ಬೆಲ್ಲ, ಕೊಬ್ಬರಿ, ಎಲೆ ಅಡಿಕೆ ಅದರೊಳಗೆ ಹಾಕಬೇಕು. ನಮ್ಮ ಮನೆಯಲ್ಲಿ ಅದು ನನ್ನ ಕೆಲಸ. ಅತ್ತೆ ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡವರು. ಮೊರಕ್ಕೆ ಅಕ್ಕಿ ಅಳೆದಿಟ್ಟು, ನನ್ನನ್ನು ಕೂಗಿ, ತಾವು ಅಡುಗೆಮನೆ ಬಾಗಿಲ ಹಿಂದಕ್ಕೆ ಸರಿಯುತ್ತಿದ್ದರು. ಹುಡುಗಿ ಹೊಸಿಲು ದಾಟಿದ ಮೇಲೆಯೇ ಈಚೆಗೆ ಬರುತ್ತಿದ್ದುದು.

ನಿಮ್ಮ ತಾತ ತೀರಿಕೊಂಡ ವರ್ಷ ನಾಗಮಂಗಲದ ಕಡೆಯ ಹುಡುಗಿಯೊಬ್ಬಳು ಮನೆಯಲ್ಲಿದ್ದಳು. ಹೆತ್ತವರಿಬ್ಬರೂ ಇಲ್ಲ. ಗಂಡ ಕಿರಂಗೂರಿನಲ್ಲಿ ಯಾರದೋ ಗದ್ದೆ ನೋಡಿಕೊಂಡು ಅಲ್ಲೇ ಶೆಡ್ಡಿನಲ್ಲಿ ಮಲಗುತ್ತಿದ್ದ. ಅವಳಿಗೆ ಹೆಣ್ಣು ಕೂಸಾಗಿ ಇನ್ನೂ ತಿಂಗಳು ತುಂಬಿರಲಿಲ್ಲ, ಬೆಳಿಗ್ಗೆ ನಾಲೆಯ ಕಡೆ ಹೋದ ನಿಮ್ಮ ತಾತ ಎದೆ ಹಿಡಿದುಕೊಂಡು ಬದುವಿನ ಮೇಲೆ ಕುಸಿದರು. ಆಸ್ಪತ್ರೆಗೆ ಒಯ್ಯುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಸಾವಾದ ಮನೆಯಲ್ಲಿ ಹಸಿ ಬಾಣಂತಿ ಇರಬಾರದು, ಕಳಿಸಿಬಿಡಿ ಎಂದು ಪಕ್ಕದ ಮನೆಯ ದೊಡ್ಡಮ್ಮ ಹೇಳಿದರು. ಕೆಟ್ಟವರಲ್ಲ, ಊರಿನ ಪದ್ಧತಿ ಹೇಳಿದರು.

“ಎಲ್ಲಿಗೋದಾತು ಅದು?” ಎಂದರು ಅತ್ತೆ. ಅಷ್ಟೇ.

ಮಗನ ತಿಥಿ ಮುಗಿಯುವ ತನಕವೂ ಅವರು ದಿನಾ ಬೆಳಿಗ್ಗೆ ಹಂಡೆಯ ಒಲೆಗೆ ಬೆಂಕಿ ಹಾಕಿದರು. ಚಾಚಿದ ಕಾಲುಗಳ ಮೇಲೆ ಕೂಸನ್ನು ಮಲಗಿಸಿಕೊಂಡು ನೀರು ಹಾಕಿದರು. ಅತ್ತಿದ್ದನ್ನು ನಾನು ನೋಡಲಿಲ್ಲ. ಮಗನ ಹೆಸರನ್ನೂ ಎತ್ತಲಿಲ್ಲ. ನಾನು ಗೋಡೆಗೆ ಮುಖ ಮಾಡಿ ಮಲಗಿರುತ್ತಿದ್ದೆ. ಒಂದು ದಿನ ಅವರು ಕೂಸನ್ನು ತಂದು ನನ್ನ ಪಕ್ಕ ಹಾಕಿ ಹೋದರು. ಅಂದಿನಿಂದ ಅದಕ್ಕೆ ಎಣ್ಣೆ ಹಚ್ಚುವ ಕೆಲಸ ನನ್ನದಾಯಿತು.

ಹುಡುಗಿ ಹೊರಡುವ ದಿನ ಬಂತು, ಕರೆದೊಯ್ಯಲು ಗಂಡ ಬಂದು ಜಗಲಿಯಲ್ಲಿ ಕೂತಿದ್ದ. ನಿಮ್ಮಪ್ಪನಿಗೆ ಆಗಿನ್ನೂ ಮದುವೆಯಾಗಿರಲಿಲ್ಲ. ಮನೆಯಲ್ಲಿ ಮುತ್ತೈದೆ ಎನ್ನುವವರು ಯಾರೂ ಉಳಿದಿರಲಿಲ್ಲ. ದೊಡ್ಡಮ್ಮ ತಾವೇ ಹೂ ಮುಡಿದು, ಕುಂಕುಮದ ಬಟ್ಟಲು ಹಿಡಿದು ಬಂದರು. ನನಗೆ ಹಗುರವಾಯಿತು. ಅಷ್ಟರಲ್ಲಿ ಅತ್ತೆ ಮೊರ ತಂದು, ಮೊದಲಿನ ಹಾಗೆಯೇ ನನ್ನನ್ನು ಕೂಗಿದರು.

ನಾನು ಎದ್ದು ಬರಲಿಲ್ಲ. ದೊಡ್ಡಮ್ಮನಿಗೆ ಗಾಬರಿಯಾಯಿತು. ನಾಳೆ ಮಗುವಿಗೆ ಒಂದು ಕೆಮ್ಮು ಬಂದರೂ ಈ ಮನೆಯ ಮೇಲೆ ಮಾತು ಬರುತ್ತದೆ, ಯೋಚನೆ ಮಾಡಿ ಎಂದರು. ನನ್ನ ಭಯವೂ ಅದೇ. ಜನರ ಮಾತಿಗಿಂತ ಹೆಚ್ಚಾಗಿ, ನನ್ನ ಕೈಯಿಂದ ಆ ಕೂಸಿಗೆ ಏನಾದರೂ ಆಗಿಬಿಟ್ಟರೆ ಎಂದು.

“ಬ್ಯಾಡ ಅತ್ತೆ, ದೊಡ್ಡಮ್ಮಾರೇ ಮಡ್ಲಕ್ಕಿ ಉಯ್ಲಿ,” ಎಂದೆ.

“ಮಡ್ಲು ನಿಂದೂ ಅಲ್ಲ ನಂದೂ ಅಲ್ಲ. ಅವ್ಳ್ನ ಕೇಳು.”

ಹುಡುಗಿ ಚಾಪೆಯ ಮೇಲೆ ಸೆರಗೊಡ್ಡಿ ಕೂತಿದ್ದಳು. ಅವಳು ಅತ್ತೆಯನ್ನು ಅವ್ವ ಎಂದೂ ನನ್ನನ್ನು ಅತ್ತಿಗೆ ಎಂದೂ ಕರೆಯುತ್ತಿದ್ದಳು. ಯಾರ ಮುಖವನ್ನೂ ನೋಡದೆ ಹೇಳಿದಳು.

“ನಮ್ಮಪ್ಪ ಮೊದ್ಲು ಸತ್ತಿದ್ದು. ಅವ್ವ ಆಮೇಕೆ. ಅವ್ಳು ಬದ್ಕಿದ್ದಿದ್ರೂ ಇಂಗೇ ಬೋಳು ಅಣೇಲೇ ಇರೋಳು. ನೀನು ಉಯ್ಬ್ಯಾಡ ಓಗವ್ವ ಅಂತ ನಾನು ಅಂತಿದ್ನಾ? ಬನ್ನಿ ಅತ್ಗೆ, ಬಸ್ ಒಂಟೋಯ್ತದೆ.”

ನಾನು ಎದ್ದೆ. ಬೊಗಸೆಯಲ್ಲಿ ತೆಗೆದುಕೊಂಡ ಅಕ್ಕಿ ಅರ್ಧ ಚಾಪೆಗೆ ಚೆಲ್ಲಿತು. ಆಗ ದೊಡ್ಡಮ್ಮ ಕುಂಕುಮದ ಬಟ್ಟಲು ಕೆಳಗಿಟ್ಟು, ಮುಂದೆ ಬಗ್ಗಿ ಅವಳ ಸೆರಗಿನ ಅಂಚನ್ನು ಎತ್ತಿ ಹಿಡಿದುಕೊಂಡರು. ಉಳಿದದ್ದು ಚೆಲ್ಲದ ಹಾಗೆ ಹಾಕಿದೆ.

ತಲೆ ಎತ್ತಿ ನೋಡಿದರೆ ಅತ್ತೆ ಇರಲಿಲ್ಲ. ಅಡುಗೆಮನೆ ಬಾಗಿಲ ಹಿಂದೆ ಅವರ ಸೀರೆಯ ನೆರಿಗೆ ಕಾಣುತ್ತಿತ್ತು. ನನಗಾಗಿ ಊರ ಪದ್ಧತಿಯನ್ನೇ ಬದಿಗಿಟ್ಟವರು ತಮ್ಮನ್ನು ಮಾತ್ರ ಅಲ್ಲೇ ನಿಲ್ಲಿಸಿಕೊಂಡಿದ್ದರು. ಅಷ್ಟು ವರ್ಷ ಅವರು ಅಲ್ಲಿ ನಿಂತಿದ್ದನ್ನು ಕಂಡೂ ನನಗೆ ಏನೂ ಅನ್ನಿಸಿರಲಿಲ್ಲ. ಅವತ್ತು ಅನ್ನಿಸಿತು. ಮೊರ ಎತ್ತಿಕೊಂಡು ಬಾಗಿಲಿಗೆ ಹೋದೆ.

ನೀನು ಹಾಕಿದೆಯಲ್ಲ ಸಾಕು, ನನಗ್ಯಾಕೆ ಎಂದು ಅವರು ಮುಖ ತಿರುಗಿಸಿದರು. ನಾನು ಅಲ್ಲಿಂದ ಕದಲಲಿಲ್ಲ. ಅವರೆದುರು ನಾನು ಹಟ ಹಿಡಿದದ್ದು ಅದೇ ಮೊದಲು.

“ಮಗ್ಳು ಕಾಯ್ತಾವ್ಳೆ ಬನ್ನಿ,” ಎಂದೆ.

ಅತ್ತೆ ಕೈಯನ್ನು ಸೆರಗಿಗೆ ಒರೆಸಿಕೊಂಡರು, ಮತ್ತೊಮ್ಮೆ ಒರೆಸಿಕೊಂಡರು. ಆಮೇಲೆ ಈಚೆಗೆ ಬಂದು, ಚಾಪೆಯ ಮುಂದೆ ಕೂತು, ಬೊಗಸೆ ತುಂಬ ಅಕ್ಕಿ ಹಾಕಿದರು.

ಗಂಡ ಹೆಂಡತಿ ಕೂಸನ್ನು ಎತ್ತಿಕೊಂಡು ಬಸ್ಸಿಗೆ ಹೋದರು. ಮನೆ ಸದ್ದಿಲ್ಲದಂತಾಯಿತು. ಮಧ್ಯಾಹ್ನ ಅತ್ತೆ, ನಾನು ಎದುರುಬದುರು ಉಣ್ಣಲು ಕೂತೆವು. ಮುದ್ದೆ ಮುರಿದ ಅತ್ತೆ ಅದನ್ನು ಕೈಯಲ್ಲೇ ಇಟ್ಟುಕೊಂಡಿದ್ದರು.

“ಅವ್ನು ಉಟ್ದಾಗ ಈ ಮಗೀಗಿಂತ ಸಣ್ಣಕಿದ್ದ ಕಣವ್ವ,” ಎಂದರು.

ಯಾರು ಎಂದು ನಾನು ಕೇಳಲಿಲ್ಲ. ಅವರು ಹೇಳುತ್ತಾ ಹೋದರು: ಯಾವ ಮಳೆಗಾಲ, ಎಷ್ಟು ಅಳುತ್ತಿದ್ದ, ಮೊದಲ ಮಾತು ಯಾವುದು. ನಾನು ನನಗೆ ಗೊತ್ತಿದ್ದ ನಿಮ್ಮ ತಾತನ ವಿಷಯ ಹೇಳಿದೆ. ಇಬ್ಬರೂ ಅತ್ತೆವು, ಒಮ್ಮೆ ನಕ್ಕೆವೂ. ಊಟದ ತಟ್ಟೆ ಎತ್ತುವ ಹೊತ್ತಿಗೆ ದನಗಳು ಮನೆಗೆ ಬರುತ್ತಿದ್ದವು.